79 ಮಕ್ಕಳು, 6 ಕ್ಲಬ್ಬು, ಒಂದೇ ಬಾಲು

ನಾನು ಮ್ಯಾತ್ಸ್ ಟೀಚರು. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಓದ್ತಾ ಓದ್ತಾ ನಿಮಗೆ ಇವಳು ಪಿಟಿ ಟೀಚರಾ, ಸೈನ್ಸ್ ಟೀಚರಾ, ನಾಟಕ ಆಡಿಸೋಳಾ ಅಂತ ಡೌಟ್ ಬರುತ್ತೆ, ಆ ವರ್ಷ ನಂಗೇ ಬಂದಿತ್ತು.

2024ರಲ್ಲಿ ಶಾಲೆ ಶುರುವಾದ ಮೊದಲನೇ ವಾರದಲ್ಲೇ ಹೆಡ್ ಮೇಡಂ ಸ್ಟಾಫ್ ರೂಮಿಗೆ ಬಂದು ಆರು ರಿಜಿಸ್ಟರ್ ಟೇಬಲ್ ಮೇಲೆ ಇಟ್ರು. ಸೈನ್ಸ್ ಕ್ಲಬ್, ಮ್ಯಾತ್ಸ್ ಕ್ಲಬ್, ಚೆಸ್ ಕ್ಲಬ್, ನಾಟಕ, ಚರ್ಚಾಕೂಟ, ಪರಿಸರ. ಪಿಟಿ ಮೇಷ್ಟ್ರು ಟ್ರಾನ್ಸ್‌ಫರ್ ಆಗಿ ಹೋಗಿದ್ರು, ಅವರ ಜಾಗಕ್ಕೆ ಯಾರೂ ಬಂದಿರ್ಲಿಲ್ಲ. "ನೀವು ಕಾಲೇಜಲ್ಲಿ ವಾಲಿಬಾಲ್ ಆಡ್ತಿದ್ರಂತಲ್ಲ" ಅಂದ್ರು. ಹೌದು ಮೇಡಂ ಅಂದೆ. ಆ ಒಂದು ಹೌದಿಗೆ ಸ್ಟೋರ್ ರೂಮಿನ ಬೀಗದ ಕೈ ನನ್ನ ಪರ್ಸಿಗೆ ಬಂತು, ಆರರಲ್ಲಿ ಮೂರು ರಿಜಿಸ್ಟರೂ ಬಂತು.

ಇಡೀ ಹೈಸ್ಕೂಲಲ್ಲಿ ಇರೋದೇ 79 ಮಕ್ಕಳು. ಎಂಟನೇ ಕ್ಲಾಸಲ್ಲಿ 24, ಒಂಬತ್ತರಲ್ಲಿ 28, ಹತ್ತರಲ್ಲಿ 27. ಅದರಲ್ಲಿ ಹುಡುಗೀರು 38. ದೊಡ್ಡ ಸ್ಕೂಲಿನವರಿಗೆ ಇದರ ಲೆಕ್ಕ ಅರ್ಥ ಆಗಲ್ಲ. ಅಲ್ಲಿ ಟೀಮಿಗೆ ಸೆಲೆಕ್ಷನ್ ಅಂತ ಇಡ್ತಾರೆ, ನಲವತ್ತು ಜನ ಬರ್ತಾರೆ, ಇಪ್ಪತ್ತೆಂಟು ಜನ ಮುಖ ಸಣ್ಣ ಮಾಡ್ಕೊಂಡು ಹೋಗ್ತಾರೆ. ನಮ್ಮಲ್ಲಿ ಉಲ್ಟಾ, ಮಕ್ಕಳು ಸೆಲೆಕ್ಟ್ ಆಗೋದಲ್ಲ, ಆಟವೇ ಸೆಲೆಕ್ಟ್ ಆಗ್ಬೇಕು. ಫುಟ್‌ಬಾಲ್‌ಗೆ 11, ಕ್ರಿಕೆಟ್‌ಗೆ 11, ಖೋ ಖೋಗೆ ಅಂಕಣದಲ್ಲಿ 9, ಕಬಡ್ಡಿಗೆ 7, ವಾಲಿಬಾಲ್‌ಗೆ 6, ಬಾಸ್ಕೆಟ್‌ಬಾಲ್‌ಗೆ 5. ಮೇಲಿಂದ ಕೆಳಗೆ ಬರ್ತಾ ಬರ್ತಾ ಎಲ್ಲಿ ಮಕ್ಕಳು ಸಾಲುತ್ತೋ ಅಲ್ಲಿ ನಿಲ್ಲೋದು. ಬಾಸ್ಕೆಟ್‌ಬಾಲ್‌ಗೆ ಮಕ್ಕಳು ಸಾಲ್ತಿದ್ರು, ರಿಂಗ್ ಇರ್ಲಿಲ್ಲ. ಹಂಗಾಗಿ ಹುಡುಗೀರಿಗೆ ವಾಲಿಬಾಲ್, ಹುಡುಗರಿಗೆ ಕಬಡ್ಡಿ ಮತ್ತೆ ರಿಲೇ ಅಂತ ಆಯ್ತು.

ವಾಲಿಬಾಲ್‌ಗೆ ಬರ್ತೀನಿ ಅಂತ ಕೈ ಎತ್ತಿದ್ದು ಕರೆಕ್ಟಾಗಿ ಆರು ಜನ. ಆರು ಜನ ಇದ್ರೆ ಆಡಬಹುದು, ಆದ್ರೆ ಒಬ್ಬಳಿಗೆ ಜ್ವರ ಬಂದ್ರೆ ಮುಗೀತು, ಐದು ಜನ ನಿಂತು ಆಡೋಕೆ ರೂಲ್ ಬಿಡಲ್ಲ, ಟೀಮ್ ಇನ್‌ಕಂಪ್ಲೀಟ್ ಅಂತ ಸೆಟ್ಟೇ ಹೋಗುತ್ತೆ. ಏಳನೇ ಹೆಸರು ಬೇಕಿತ್ತು. ಎಂಟ್ರಿ ಫಾರ್ಮ್ ಕಳಿಸೋ ಲಾಸ್ಟ್ ಡೇಟ್ ಅವತ್ತೇ. ಸಂಜೆ ನಾಲ್ಕು ಗಂಟೆಗೆ ಕಾರಿಡಾರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಚೆಸ್ ಬೋರ್ಡ್ ಕಂಕುಳಲ್ಲಿ ಇಟ್ಕೊಂಡು ಹೋಗ್ತಿದ್ಲು, ಅವಳ ಹೆಸರು ಬರೆದ್ಬಿಟ್ಟೆ. ಕೇಳ್ಲಿಲ್ಲ. ಅವಳಿಗೆ ಗೊತ್ತಾಗಿದ್ದು ಎರಡು ದಿನ ಆದ್ಮೇಲೆ, ನೋಟಿಸ್ ಬೋರ್ಡ್ ನೋಡಿ. ಓಡಿ ಬಂದು "ಮಿಸ್, ನಂಗೆ ಬಾಲ್ ಅಂದ್ರೆ ಕಣ್ಣು ಮುಚ್ಚೋಗುತ್ತೆ" ಅಂದ್ಲು. ನೀನು ಆಡೋದೇನೂ ಬೇಕಾಗಲ್ಲ, ಸುಮ್ನೆ ಬೆಂಚಲ್ಲಿ ಕೂತ್ಕೋ ಅಂತ ಸಮಾಧಾನ ಮಾಡಿದೆ. ಟೀಚರಾಗಿ ನಾನು ಹೇಳಿರೋ ಸುಳ್ಳುಗಳಲ್ಲಿ ಇದೊಂದು, ಆದ್ರೆ ಹೇಳುವಾಗ ಸುಳ್ಳು ಅಂತ ಗೊತ್ತಿರ್ಲಿಲ್ಲ.

ಸ್ಟೋರ್ ರೂಮಲ್ಲಿ ಇದ್ದಿದ್ದು ಒಂದು ನೆಟ್ಟು, ಒಂದು ಶಾಟ್‌ಪುಟ್ ಗುಂಡು, ಹರಿದ ಸ್ಕಿಪ್ಪಿಂಗ್ ಹಗ್ಗ, ಒಂದೇ ಒಂದು ವಾಲಿಬಾಲು. ಆ ಬಾಲಿಗೆ ಯಾರೋ ಹೊಲಿಗೆ ಹಾಕಿದ್ರು. ಮೊದಲನೇ ವಾರ ಆಡಿದಾಗ್ಲೇ ಹುಡುಗೀರ ಮುಂಗೈ ಕೆಂಪಗಾಯ್ತು. "ಈ ಬಾಲು ಕಲ್ಲು ಮಿಸ್" ಅಂತ ಕ್ಯಾಪ್ಟನ್ ಕಂಪ್ಲೇಂಟ್. ಅವಳೇ ಸೈನ್ಸ್ ಕ್ಲಬ್ಬಿನ ಸೆಕ್ರೆಟರಿ ಕೂಡ, ಸಣ್ಣ ಸ್ಕೂಲಲ್ಲಿ ಹಂಗೇ, ಒಬ್ಬಳೇ ಮೂರು ಪೋಸ್ಟಲ್ಲಿ ಇರ್ತಾಳೆ. ಕಲ್ಲು ಅಂತಿದ್ದೀಯಲ್ಲ, ತೂಕ ಹಾಕು ನೋಡೋಣ ಅಂದೆ. ಲ್ಯಾಬಿನ ತಕ್ಕಡಿ ಮೇಲೆ ಒಂದು ರಿಂಗ್ ಇಟ್ಟು ಅದರ ಮೇಲೆ ಬಾಲ್ ಕೂರಿಸಿ, ರಿಂಗಿನ ತೂಕ ಕಳೆದು ನೋಡಿದ್ರೆ 304 ಗ್ರಾಂ. ರೂಲ್ ಪ್ರಕಾರ ವಾಲಿಬಾಲ್ 260ರಿಂದ 280 ಗ್ರಾಂ ಒಳಗಿರ್ಬೇಕು, ಸುತ್ತಳತೆ 65ರಿಂದ 67 ಸೆಂಟಿಮೀಟರ್. ಸುತ್ತಳತೆ ಸರಿ ಇತ್ತು, ದಾರದಲ್ಲಿ ಅಳತೆ ಮಾಡಿದ್ವಿ. ತೂಕ ಎಲ್ಲಿಂದ ಬಂತು? ಒಬ್ಬಳು ಗಾಳಿ ಜಾಸ್ತಿ ಅಂದ್ಲು, ಇನ್ನೊಬ್ಬಳು ಹೊಲಿಗೆ ದಾರ ಅಂದ್ಲು, ಎಂಟನೇ ಕ್ಲಾಸಿನ ಒಂದು ಪುಟ್ಟ ಹುಡುಗ, ಅವನು ಕ್ಲಬ್ಬಿಗೆ ಸೇರಿದ್ದೇ ಲ್ಯಾಬಿನ ಫ್ಯಾನ್ ಕೆಳಗೆ ಕೂರೋಕೆ, ಅವನು "ನೀರು ಕುಡಿದಿರಬೇಕು" ಅಂದ. ಮೂರು ದಿನ ಬಿಸಿಲಲ್ಲಿ ಒಣಗಿಸಿ ದಿನಾ ತೂಕ ಹಾಕಿ ಗ್ರಾಫ್ ಎಳೆದ್ರು. 304 ಇದ್ದಿದ್ದು 289ಕ್ಕೆ ಬಂದು ನಿಂತ್ಕೊಂಡ್ತು, ಆಮೇಲೆ ಇಳೀಲೇ ಇಲ್ಲ. ಅಂದ್ರೆ 15 ಗ್ರಾಂ ನೀರು, ಉಳಿದ ಒಂಬತ್ತೋ ಹತ್ತೋ ಗ್ರಾಂ ಹೊಲಿಗೆ ಮತ್ತೆ ಒಳಗಿನ ತೇಪೆ. ಅದೇ ಆ ವರ್ಷ ಸೈನ್ಸ್ ಎಕ್ಸಿಬಿಷನ್ನಿಗೆ ನಮ್ಮ ಪ್ರಾಜೆಕ್ಟ್ ಆಯ್ತು. ಜ್ವಾಲಾಮುಖಿ ಮಾಡೆಲ್‌ಗಿಂತ ಸಾವಿರ ಪಾಲು ವಾಸಿ ಅಂತ ನಾನು ಈಗಲೂ ಹೇಳ್ತೀನಿ.

ಮ್ಯಾತ್ಸ್ ಕ್ಲಬ್ಬಿನ ಕಥೆ ಬೇರೆ. ಮ್ಯಾತ್ಸ್ ಕ್ಲಬ್ಬು ಅಂದ್ರೆ ಮಕ್ಕಳು ಇನ್ನೊಂದು ಪೀರಿಯಡ್ಡು ಅಂತ ಓಡೋಗ್ತಾರೆ, ತಪ್ಪೇನಿಲ್ಲ, ನಾನೂ ಓಡ್ತಿದ್ದೆ. ಸ್ಪೋರ್ಟ್ಸ್ ಡೇಗೆ ಟ್ರ್ಯಾಕ್ ಹಾಕೋ ಕೆಲಸ ಬಂದಾಗ ಅದನ್ನೇ ಕ್ಲಬ್ಬಿಗೆ ತಂದೆ. ನಮ್ಮ ಗ್ರೌಂಡಲ್ಲಿ 400 ಮೀಟರ್ ಟ್ರ್ಯಾಕ್ ಹಿಡಿಯಲ್ಲ, ಎಳೆದೂ ಎಳೆದೂ 200 ಬರುತ್ತೆ. ಆರು ಲೇನು, ಒಂದೊಂದು ಒಂದು ಮೀಟರ್ ಅಗಲ (ಸ್ಟ್ಯಾಂಡರ್ಡ್ ಟ್ರ್ಯಾಕಲ್ಲಿ 1.22 ಇರುತ್ತೆ, ನಮಗೆ ಅಷ್ಟು ಜಾಗ ಇಲ್ಲ). ಹೊರಗಿನ ಲೇನಲ್ಲಿ ಓಡೋನಿಗೆ ದೂರ ಜಾಸ್ತಿ ಆಗುತ್ತೆ, ಅದಕ್ಕೆ ಅವನನ್ನ ಮುಂದೆ ನಿಲ್ಲಿಸ್ಬೇಕು. ಎಷ್ಟು ಮುಂದೆ? ಹಳೇ ಪಿಟಿ ಮೇಷ್ಟ್ರು ಅಂದಾಜಲ್ಲಿ ಎರಡು ಮೂರು ಹೆಜ್ಜೆ ಮುಂದೆ ನಿಲ್ಲಿಸ್ತಿದ್ರಂತೆ, ಅದಕ್ಕೇ ಪ್ರತಿ ವರ್ಷ ಒಂದನೇ ಲೇನಿನೋನೇ ಗೆಲ್ತಿದ್ದ ಅಂತ ಹತ್ತನೇ ಕ್ಲಾಸಿನವರು ಹೇಳಿದ್ರು.

ಲೆಕ್ಕ ಸಿಂಪಲ್. ಎರಡು ತಿರುವು ಸೇರಿದ್ರೆ ಒಂದು ಪೂರ್ತಿ ವೃತ್ತ. ಒಳಗಿನ ಲೇನಿನ ತ್ರಿಜ್ಯ r ಅಂದ್ಕೊಳ್ಳಿ, ಪಕ್ಕದ್ದು r+1. ಪರಿಧಿ ಕಳೆದ್ರೆ r ಎರಡೂ ಕಡೆಯಿಂದ ಹೊಡೆದೋಗುತ್ತೆ, ಉಳಿಯೋದು 2π, ಅಂದ್ರೆ 6.28 ಮೀಟರ್. ಗ್ರೌಂಡ್ ಚಿಕ್ಕದಿರ್ಲಿ ದೊಡ್ಡದಿರ್ಲಿ, ಒಂದು ಮೀಟರ್ ಲೇನಿಗೆ ಒಂದು ರೌಂಡಿಗೆ 6.28. ಇದನ್ನ ಬೋರ್ಡ್ ಮೇಲೆ ಮಾಡ್ದಾಗ ಎಲ್ಲರೂ ತಲೆ ಆಡಿಸಿದ್ರು, ಗ್ರೌಂಡಲ್ಲಿ ಯಾರೂ ನಂಬಲಿಲ್ಲ. "ಇಷ್ಟು ಚಿಕ್ಕ ಗ್ರೌಂಡಿಗೆ ಅಷ್ಟೊಂದು ಮುಂದೆನಾ ಮಿಸ್, ಮೋಸ ಆಗಲ್ವಾ?" ಒಂದನೇ ಲೇನಿನ ಹುಡುಗನಂತೂ ಜಗಳಕ್ಕೇ ನಿಂತ. ಸರಿ ಅಂತ ಉದ್ದ ಹಗ್ಗ ತಂದು ಒಂದನೇ ಲೇನ್ ಗೆರೆ ಮೇಲೆ ಇಡೀ ರೌಂಡ್ ಹಾಸಿದ್ರು, ಗುರುತು ಕಟ್ಟಿದ್ರು, ಅದೇ ಹಗ್ಗ ಎರಡನೇ ಲೇನಲ್ಲಿ ಹಾಸಿದ್ರು. ಹಗ್ಗ ಆರು ಮೀಟರ್ ಚಿಲ್ರೆಗೆ ಮೊದಲೇ ಮುಗೀತು. ಟೇಪಲ್ಲಿ 6.3 ಬಂತು. ಆ ಹುಡುಗ ಮಾತಾಡ್ದೇ ಸುಣ್ಣದ ಪುಡಿ ಡಬ್ಬ ತಗೊಂಡು ಗೆರೆ ಎಳೆಯೋಕೆ ಹೋದ. ಆಮೇಲೆ ಅವನೇ ಬಂದು "ಹಂಗಾದ್ರೆ ಎರಡು ರೌಂಡ್ ಓಡೋ ರೇಸಿಗೆ ಡಬಲ್ ಮಾಡ್ಬೇಕಲ್ವಾ" ಅಂತ ಕೇಳಿದ. ಮಾಡ್ಬೇಕಪ್ಪಾ, 12.57. ನಾನು ಅದನ್ನ ಮರೆತಿದ್ದೆ, ನಿಜ ಹೇಳ್ಬೇಕಂದ್ರೆ.

ರಿಲೇ ಹುಡುಗರಿಗೆ ಅದೇ ಸಮಯಕ್ಕೆ ಪ್ಯಾರಿಸ್ ಒಲಿಂಪಿಕ್ಸ್ ಸಿಕ್ತು. ಆಗಸ್ಟ್ 9ಕ್ಕೆ ಗಂಡಸರ 4×100 ಫೈನಲ್, ಅಮೆರಿಕದವರು ಮೊದಲನೇ ಎಕ್ಸ್‌ಚೇಂಜಲ್ಲೇ ಎಡವಟ್ಟು ಮಾಡ್ಕೊಂಡು ಡಿಸ್‌ಕ್ವಾಲಿಫೈ ಆದ್ರು, ಕೆನಡಾ 37.50 ಸೆಕೆಂಡಿಗೆ ಚಿನ್ನ ಹೊಡೀತು. ಆ ವಿಡಿಯೋನ ನನ್ನ ಫೋನಲ್ಲಿ ಎಷ್ಟು ಸಲ ನೋಡಿದ್ರೋ ಲೆಕ್ಕ ಇಲ್ಲ. ದುನಿಯಾದಲ್ಲೇ ಫಾಸ್ಟ್ ಓಡೋರಿಗೂ ಕೋಲು ಕೊಡೋಕೆ ಬರಲ್ಲ ಅಂತ ನಮ್ಮ ಹುಡುಗರಿಗೆ ಭಯಂಕರ ಖುಷಿ. ನಾನು ಇನ್ನೊಂದು ಲೆಕ್ಕ ಕೊಟ್ಟೆ. 100 ಮೀಟರ್ ಓಟದಲ್ಲಿ ಉಸೇನ್ ಬೋಲ್ಟ್ ವಿಶ್ವದಾಖಲೆ 9.58 ಸೆಕೆಂಡ್, ನಾಲ್ಕರಿಂದ ಗುಣಿಸಿದ್ರೆ 38.32. ಆದ್ರೆ ಜಮೈಕಾದವರ ರಿಲೇ ದಾಖಲೆ 36.84, 2012 ಲಂಡನ್ನಿಂದು. ನಾಲ್ಕು ಜನ ಬೋಲ್ಟ್ ಒಟ್ಟಿಗೆ ಓಡಿದ್ರೂ ಬರ್ದಿರೋ ಟೈಮು ಹೆಂಗೆ ಬಂತು? ಸುಮಾರು ಹೊತ್ತು ಯೋಚಿಸಿ ಒಬ್ಬ ಹೇಳಿದ, ಮೊದಲನೇಯವನು ಬಿಟ್ರೆ ಉಳಿದ ಮೂರು ಜನ ನಿಂತಲ್ಲಿಂದ ಸ್ಟಾರ್ಟ್ ಮಾಡಲ್ಲ, ಓಡ್ತಾ ಓಡ್ತಾನೇ ಕೋಲು ತಗೋತಾರೆ ಅಂತ. ಅಷ್ಟೇ ರಿಲೇ. ಉಳಿದಿದ್ದೆಲ್ಲಾ ಪ್ರಾಕ್ಟೀಸು.

ಬ್ಯಾಟನ್ ಕೊಂಡ್ಕೊಳ್ಳೋಕೆ ದುಡ್ಡಿರ್ಲಿಲ್ಲ, ಪೈಪಿನ ತುಂಡು 30 ಸೆಂಟಿಮೀಟರ್ ಕತ್ತರಿಸಿದ್ವಿ, ಅಸಲಿದೂ 28ರಿಂದ 30 ಒಳಗೇ ಇರುತ್ತೆ. ಎಕ್ಸ್‌ಚೇಂಜ್ ಜಾಗ 30 ಮೀಟರ್, ಕೋಲು ಆ ಗೆರೆಗಳ ಒಳಗೇ ಕೈ ಬದಲಾಗ್ಬೇಕು, ಕಾಲು ಎಲ್ಲಿದ್ರೂ ಕೇಳೋರಿಲ್ಲ, ಕೋಲು ಎಲ್ಲಿದೆ ಅನ್ನೋದೇ ಲೆಕ್ಕ. ಬಿದ್ರೆ ಬೀಳಿಸಿದವನೇ ಎತ್ತಬೇಕು. ಈ ಕೊನೇ ರೂಲಿಂದ ದಿನಾ ಜಗಳ. ಕೊಟ್ಟೋನು "ನಾನು ಕೊಟ್ಟಾಗಿತ್ತು" ಅಂತಾನೆ, ತಗೊಳ್ಳೋನು "ನಂಗೆ ಮುಟ್ಟಲೇ ಇಲ್ಲ" ಅಂತಾನೆ, ಕೋಲು ಮಣ್ಣಲ್ಲಿ ಬಿದ್ದಿರುತ್ತೆ, ಇಬ್ಬರೂ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿರ್ತಾರೆ. ಕೂಟದಲ್ಲಿ ಕೋಲು ಬೀಳಲಿಲ್ಲ, ನಾಲ್ಕನೇ ಸ್ಥಾನ ಬಂತು. ಕಬಡ್ಡಿ ಮೊದಲನೇ ಮ್ಯಾಚಲ್ಲೇ ಔಟ್, ಅದರ ಬಗ್ಗೆ ಹುಡುಗರೂ ಮಾತಾಡಲ್ಲ ನಾನೂ ಬರೆಯಲ್ಲ.

ನಾಟಕ, ಚರ್ಚಾಕೂಟ ನನ್ನ ಕೈಲಿರ್ಲಿಲ್ಲ, ಅವು ಚೆನ್ನಾಗೇ ನಡೆದ್ವು. ಪರಿಸರ ಕ್ಲಬ್ಬಿನ ಗಿಡ ರಜೆಯಲ್ಲಿ ಒಣಗೋಯ್ತು, ರಿಜಿಸ್ಟರಿನ ಫೋಟೋದಲ್ಲಿ ಮಾತ್ರ ಇನ್ನೂ ಹಸಿರಾಗಿದೆ. ಕ್ಲಬ್ ನಡೆದಿದ್ದಕ್ಕಿಂತ ನಡೆದಿದೆ ಅಂತ ತೋರಿಸೋಕೆ ಹೋಗೋ ಟೈಮೇ ಜಾಸ್ತಿ, ಈ ವಿಷಯದಲ್ಲಿ ನಂಗೆ ಸಿಟ್ಟಿದೆ, ಇಲ್ಲಿಗೆ ಬಿಡ್ತೀನಿ.

ಈಗ ಟೂರ್ನಮೆಂಟ್. ವಾಲಿಬಾಲ್ ಡೇಟು, ಸೈನ್ಸ್ ಎಕ್ಸಿಬಿಷನ್ ಡೇಟು, ಎರಡೂ ಒಂದೇ ದಿನ ಹಾಕಿದ್ರು, ಎರಡು ಬೇರೆ ಬೇರೆ ಆಫೀಸಿನವರು. ದೊಡ್ಡ ಸ್ಕೂಲಿಗೆ ಇದೊಂದು ಸಮಸ್ಯೆನೇ ಅಲ್ಲ, ಒಂದು ಬಸ್ ಆ ಕಡೆ ಒಂದು ಬಸ್ ಈ ಕಡೆ. ನಮಗೆ ಕ್ಯಾಪ್ಟನ್ನೂ ಅವಳೇ, ಪ್ರಾಜೆಕ್ಟ್ ವಿವರಿಸೋಳೂ ಅವಳೇ. ಡೇಟ್ ಬದಲಾಯಿಸಿ ಅಂತ ಎರಡೂ ಕಡೆ ಫೋನ್ ಮಾಡಿದೆ, ಎರಡೂ ಕಡೆ "ನೀವು ಆ ಕಡೆಯವರನ್ನ ಕೇಳಿ" ಅಂದ್ರು. ಕೊನೆಗೆ ಅವಳನ್ನೇ ಕೇಳಿದೆ. ಒಂದು ರಾತ್ರಿ ಯೋಚಿಸಿ ವಾಲಿಬಾಲ್ ಅಂದ್ಲು. ಪ್ರಾಜೆಕ್ಟ್ ತಗೊಂಡು ಹೋಗಿದ್ದು ಆ ಫ್ಯಾನ್ ಕೆಳಗಿನ ಪುಟ್ಟ ಹುಡುಗ, ಸೈನ್ಸ್ ಸರ್ ಜೊತೆ. ಗ್ರಾಫಲ್ಲಿ ನಾಲ್ಕನೇ ದಿನ ಯಾಕಿಲ್ಲ ಅಂತ ಜಡ್ಜ್ ಕೇಳಿದ್ರಂತೆ, ಅವನು "ಅವತ್ತು ಬಾಲ್ ಬೇಕಿತ್ತು ಸರ್, ಆಡೋಕೆ" ಅಂದನಂತೆ. ಪ್ರೈಜ್ ಬರಲಿಲ್ಲ. ಉತ್ತರ ಮಾತ್ರ ನಿಜ.

ನಮ್ಮ ಮ್ಯಾಚು. ಮೊದಲನೇ ಸೆಟ್ 25-19ಕ್ಕೆ ಸೋತ್ವಿ, ಅಷ್ಟು ಕೆಟ್ಟದೇನಲ್ಲ. ಎರಡನೇ ಸೆಟ್ 8-8 ಇದ್ದಾಗ ನಮ್ಮ ಮೇನ್ ಸ್ಮ್ಯಾಷರ್ ನೆಟ್ ಹತ್ರ ಹಾರಿ ಇಳಿಯುವಾಗ ಎದುರಿನವಳ ಪಾದದ ಮೇಲೆ ಇಳಿದ್ಲು, ಕಾಲು ಉಳುಕಿತು. ಐಸ್, ಬ್ಯಾಂಡೇಜು, ಕುರ್ಚಿ. ರೆಫ್ರಿ ನನ್ನ ಕಡೆ ನೋಡಿದ್ರು. ನಾನು ಬೆಂಚ್ ಕಡೆ ನೋಡಿದೆ. ಬೆಂಚಲ್ಲಿ ಒಬ್ಬಳೇ.

ವಾಲಿಬಾಲ್ ಗೊತ್ತಿಲ್ದೋರಿಗೆ ಒಂದು ಮಾತು. ಕ್ರಿಕೆಟಲ್ಲಿ ಆಡೋಕೆ ಬರ್ದಿರೋನನ್ನ ಫೈನ್ ಲೆಗ್ಗಲ್ಲೋ ಎಲ್ಲೋ ಬಚ್ಚಿಡಬಹುದು. ವಾಲಿಬಾಲಲ್ಲಿ ಆಗಲ್ಲ. ಎದುರಿನವರಿಂದ ಸರ್ವೀಸ್ ಕಿತ್ಕೊಂಡಾಗೆಲ್ಲಾ ಆರೂ ಜನ ಗಡಿಯಾರದ ಮುಳ್ಳಿನ ಥರ ಒಂದೊಂದು ಜಾಗ ಮುಂದಕ್ಕೆ ಹೋಗ್ಬೇಕು, ಹಿಂದೆ ಇರೋಳು ನೆಟ್ಟಿಗೆ ಬರ್ಬೇಕು, ನೆಟ್ಟಲ್ಲಿರೋಳು ಸರ್ವೀಸಿಗೆ ಹೋಗ್ಬೇಕು. ಬದಲಿ ಬಂದೋಳು ಯಾರ ಬದಲಿಗೆ ಬಂದಳೋ ಅವಳ ಜಾಗದಲ್ಲೇ ನಿಲ್ಬೇಕು. ಹಂಗಾಗಿ ಬಾಲ್ ಕಂಡ್ರೆ ಕಣ್ಣು ಮುಚ್ಚೋ ಹುಡುಗಿ ಹೋಗಿ ನಿಂತಿದ್ದು ನಾಲ್ಕನೇ ನಂಬರಲ್ಲಿ, ಮುಂದಿನ ಎಡಗಡೆ, ಸ್ಮ್ಯಾಷರ್ ಜಾಗ.

ಒಳಗೆ ಹೋಗೋಕೆ ಮುಂಚೆ ಅವಳು ನನ್ನ ಹತ್ರ ಬಂದು ಹೇಳಿದ್ದು ಇಷ್ಟೇ: "ಮಿಸ್, ಮೂರು ರೊಟೇಶನ್ ಆದ್ಮೇಲೆ ನಂದೇ ಸರ್ವೀಸ್ ಬರುತ್ತೆ." ನಾನು ಹೂಂ ಅಂದೆ. "ಅಷ್ಟರಲ್ಲಿ ಸೆಟ್ ಮುಗಿಯುತ್ತಾ?" ಮುಗಿಯಲ್ಲಮ್ಮ ಅಂದೆ. ಈ ಸಲ ಸುಳ್ಳು ಹೇಳ್ಲಿಲ್ಲ.

ಮೊದಲ ಎರಡು ಬಾಲ್ ಅವಳ ಪಕ್ಕಕ್ಕೇ ಬಿತ್ತು, ಅವಳು ಅಲ್ಲಾಡಲಿಲ್ಲ. ಎದುರಿನ ಟೀಮಿನವರು ಎರಡೇ ನಿಮಿಷದಲ್ಲಿ ಪತ್ತೆ ಹಚ್ಚಿ ಎಲ್ಲಾ ಬಾಲ್ ಅಲ್ಲಿಗೇ ಹಾಕೋಕೆ ಶುರು ಮಾಡಿದ್ರು, ಅವರದ್ದೇನು ತಪ್ಪು, ನಾನಾಗಿದ್ರೂ ಹಂಗೇ ಹೇಳ್ಕೊಡ್ತಿದ್ದೆ. ಆದ್ರೆ ಒಂದು ವಿಷಯ ನಡೀತು. ಆಗಿನ ರೂಲ್ ಪ್ರಕಾರ ಸರ್ವೀಸ್ ಹೊಡೆಯೋ ಹೊತ್ತಿಗೆ ಆಟಗಾರರು ತಮ್ಮ ತಮ್ಮ ಕ್ರಮದಲ್ಲೇ ಇರ್ಬೇಕಿತ್ತು, ಇಲ್ಲಾಂದ್ರೆ ಪಾಯಿಂಟ್ ಹೋಗ್ತಿತ್ತು. ನಮ್ಮ ಲಿಫ್ಟರ್‌ಗೆ (ಸ್ಮ್ಯಾಷರ್‌ಗೆ ಬಾಲ್ ಎತ್ತಿ ಕೊಡೋಳು) ಆತುರ, ಯಾವಾಗ್ಲೂ ಬೇಗ ಮುಂದೆ ಓಡಿಬಿಡ್ತಾಳೆ, ಮೊದಲನೇ ಸೆಟ್ಟಲ್ಲಿ ಎರಡು ಪಾಯಿಂಟ್ ಹಂಗೇ ಕಳ್ಕೊಂಡಿದ್ವಿ. ಈ ಹುಡುಗಿ ತಿರುಗಿ ನೋಡಿ, ಮೆತ್ತಗೆ, "ಅಕ್ಕಾ, ನೀನಿನ್ನೂ ಅವಳ ಹಿಂದೆ ಇರ್ಬೇಕು" ಅಂದ್ಲು. ಲಿಫ್ಟರ್ ಒಂದು ಹೆಜ್ಜೆ ಹಿಂದೆ ಬಂದ್ಲು. ಆಮೇಲೆ ಸೆಟ್ ಪೂರ್ತಿ ಹಂಗೇ, ಬಾಲ್ ಬಂದ್ರೆ ಕಣ್ಣು ಮುಚ್ತಾಳೆ, ಬಾಲ್ ಬರೋಕೆ ಮುಂಚೆ ಆರೂ ಜನರ ಜಾಗ ಸರಿ ಮಾಡ್ತಾಳೆ.

ಅವಳ ಸರ್ವೀಸ್ ಬಂತು. 9 ಮೀಟರ್ ಹಿಂದೆ ಗೆರೆ ಹತ್ರ ನಿಂತು ಬಾಲನ್ನ ಒಂದು ಸಲ ನೋಡಿದ್ಲು, ಅಂಡರ್ ಹ್ಯಾಂಡಲ್ಲಿ ಹೊಡೆದ್ಲು, ಬಾಲ್ ಮೇಲಕ್ಕೆ ಹೋಯ್ತು, ಎಷ್ಟು ಮೇಲೆ ಅಂದ್ರೆ ಎದುರಿನವರು ಇಬ್ಬರು ಕೆಳಗೆ ನಿಂತು ನೀನು ತಗೋ ನೀನು ತಗೋ ಅಂತ ಕಾದ್ರು, ಇಬ್ಬರ ಮಧ್ಯ ಬಿತ್ತು. ನಮ್ಮ ಬೆಂಚಲ್ಲಿ ಕಾಲಿಗೆ ಐಸ್ ಕಟ್ಕೊಂಡಿದ್ದ ಸ್ಮ್ಯಾಷರ್ ಕಿರುಚಿದ ರೀತಿಗೆ ಐಸ್ ಚೀಲ ಕೆಳಗೆ ಬಿತ್ತು. ಎರಡನೇ ಸರ್ವೀಸ್ ಸೀದಾ ನೆಟ್ಟಿಗೆ. ಸೆಟ್ 25-17. ಮನೆಗೆ.

ಚೆಸ್ ಕ್ಲಬ್ ಬಗ್ಗೆ ಬರೆಯೋದೇ ಬಿಟ್ಟೋಯ್ತು. ವರ್ಷದ ಅರ್ಧದವರೆಗೂ ಅದರಲ್ಲಿ ಒಂಬತ್ತೇ ಜನ, ಎಲ್ಲರೂ ಎಲ್ಲರ ಜೊತೆ ಆಡಿದ್ರೆ 36 ಆಟ, ಆರಾಮಾಗಿ ನಡೀತಿತ್ತು. ಡಿಸೆಂಬರ್ 12ಕ್ಕೆ ಸಿಂಗಪುರದಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ. ಕೊನೇ ಆಟದಲ್ಲಿ ಡಿಂಗ್ ಲಿರೆನ್ 55ನೇ ನಡೆಗೆ ಆನೆಯನ್ನ ತಪ್ಪು ಮನೆಗೆ ಇಟ್ಟು ಕೈ ತೆಗೆದಿದ್ದನ್ನ ಎಲ್ಲರೂ ನೋಡಿದ್ರು. ಮಾರನೇ ವಾರ ಕ್ಲಬ್ಬಲ್ಲಿ 23 ಜನ. 23 ಜನ ಎಲ್ಲರ ಜೊತೆ ಆಡಿದ್ರೆ 253 ಆಟ, ಬೋರ್ಡ್ ಇರೋದು ನಾಲ್ಕು. ಸ್ವಿಸ್ ಪದ್ಧತಿಗೆ ಬದಲಾಯಿಸಿದ್ವಿ, ಪ್ರತಿ ರೌಂಡಲ್ಲೂ ಸಮ ಅಂಕ ಇರೋರಿಗೆ ಜೋಡಿ ಹಾಕೋದು, ಐದು ರೌಂಡಲ್ಲಿ ಮುಗಿಯುತ್ತೆ. (ಈ ಪದ್ಧತಿ ಮೊದಲು ಬಂದಿದ್ದು 1895ರಲ್ಲಿ ಜ್ಯೂರಿಕ್‌ನಲ್ಲಿ, ವಾಲಿಬಾಲ್ ಹುಟ್ಟಿದ್ದೂ 1895ರಲ್ಲೇ, ಅಮೆರಿಕದಲ್ಲಿ. ನನ್ನ ವರ್ಷನೆಲ್ಲಾ ತಿಂದಿದ್ದು ಆ 1895.) ಜೋಡಿ ಹಾಕೋ ಕೆಲಸ ಪೂರ್ತಿ ಈ ಹುಡುಗಿದೇ. ಮುಟ್ಟಿದ ಕಾಯಿ ನಡೆಸಲೇಬೇಕು ಅನ್ನೋ ರೂಲಲ್ಲಿ ಅವಳಷ್ಟು ಕಟುಕಿ ಇನ್ನೊಬ್ಬರಿಲ್ಲ. ರಿಲೇ ಓಡೋ ಹುಡುಗ ಮಂತ್ರಿನ ಬೆರಳ ತುದಿಯಲ್ಲಿ ತಾಗಿಸಿ "ಸರಿ ಮಾಡ್ತಿದ್ದೆ ಅಷ್ಟೇ" ಅಂದ್ರೆ, "ಮುಟ್ಟೋಕೆ ಮುಂಚೆ ಹೇಳ್ಬೇಕಿತ್ತು" ಅಂತ ಮಂತ್ರಿ ಕಳ್ಕೊಳ್ಳೋ ಥರಾನೇ ಮಾಡಿದ್ಲು.

ವರ್ಷದ ಕೊನೇ ವಾರ ಸ್ಟೋರ್ ರೂಮ್ ಲೆಕ್ಕ ಬರೀತಿದ್ದೆ. ನೆಟ್ಟು 1, ಗುಂಡು 1, ಪೈಪಿನ ತುಂಡು 2, ಬಾಲು 1. ಹತ್ತನೇ ಕ್ಲಾಸಿನವರು ಹೊರಟ್ರೆ ಏಳರಲ್ಲಿ ನಾಲ್ಕು ಜನ ಹೋಗ್ತಾರೆ, ಕ್ಯಾಪ್ಟನ್, ಸ್ಮ್ಯಾಷರ್, ಲಿಫ್ಟರ್ ಎಲ್ಲಾ. ಬಾಗಿಲಲ್ಲಿ ಚೆಸ್ ಹುಡುಗಿ ನಿಂತಿದ್ಲು, ಕೈಲಿ ಚೆಸ್ ನೋಟ್‌ಬುಕ್. ತೆಗೆದು ತೋರಿಸಿದ್ಲು. ಆರು ಚೌಕ, ಆರು ರೊಟೇಶನ್, ಪ್ರತಿ ಚೌಕದಲ್ಲೂ ಹೆಸರು ಪೆನ್ಸಿಲ್ಲಲ್ಲಿ. ಮೂರು ಹೆಸರು ನಂಗೆ ಗೊತ್ತಿದ್ದಿದ್ದೇ, ಇನ್ನೆರಡು ಎಂಟನೇ ಕ್ಲಾಸಿನವು, ದಿನಾ ಗ್ರೌಂಡ್ ಪಕ್ಕ ನಿಂತು ನೋಡ್ತಿದ್ದೋರು. ಆರನೇದು ನಾಟಕದ ಹುಡುಗಿ, ಗ್ರೌಂಡ್ ಕಡೆ ತಲೆನೂ ಹಾಕ್ದೋಳು.

"ಇವಳು ಆಡ್ತೀನಿ ಅಂದ್ಲಾ?" ಅಂತ ಕೇಳಿದೆ.

"ಇಲ್ಲ ಮಿಸ್, ಅವಳಿಗೆ ಇನ್ನೂ ಹೇಳಿಲ್ಲ."